ಬೀಳುವುದು ಮುಪ್ಪಿನ ಹಣೆಬರಹವಲ್ಲ

ಮನೆಯ ಹಿರಿಯರು ಬಚ್ಚಲಿನಲ್ಲಿ ಜಾರಿದರೆ, ಹೊಸಿಲು ಎಡವಿ ಬಿದ್ದರೆ ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಸುಮ್ಮನಾಗುವವರೇ ಹೆಚ್ಚು. ವೈದ್ಯರಾದ ನಾವೂ ಗಾಯಕ್ಕೆ ಪಟ್ಟಿ ಕಟ್ಟಿ, ಮೂಳೆ ಮುರಿದಿದ್ದರೆ ಸೇರಿಸಿ ಕಳುಹಿಸುತ್ತೇವೆ. ಅವರು ಬಿದ್ದದ್ದೇಕೆ ಎಂದು ಕೇಳುವುದು ಅಪರೂಪ. ಈ ಪ್ರಶ್ನೆಯನ್ನೇ ಹಿಡಿದು ದಶಕಗಳ ಕಾಲ ದುಡಿದವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೃದ್ಧರ ಚಿಕಿತ್ಸಾ ತಜ್ಞೆ ಡಾ. ಮೇರಿ ಟಿನೆಟ್ಟಿ.

ಅವರು ಮೊದಲು ಮಾಡಿದ್ದು ಬಹಳ ಸರಳ ಕೆಲಸ. ವೃದ್ಧರನ್ನು ಕುರ್ಚಿಯಿಂದ ಏಳಿಸಿ, ನಿಲ್ಲಿಸಿ, ನಡೆಸಿ, ಒಂದು ಸುತ್ತು ತಿರುಗಿಸಿ, ಮತ್ತೆ ಕುಳ್ಳಿರಿಸಿ ಅವರ ಸಮತೋಲನಕ್ಕೆ ಅಂಕ ಕೊಡುವ ಪರೀಕ್ಷೆಯೊಂದನ್ನು 1986ರಲ್ಲಿ ಪ್ರಕಟಿಸಿದರು. ಇದಕ್ಕೆ ಎಕ್ಸ್‌ರೇ ಬೇಡ, ರಕ್ತಪರೀಕ್ಷೆ ಬೇಡ. ಕಣ್ಣಿಟ್ಟು ನೋಡುವ ವ್ಯವಧಾನ ಇದ್ದರಾಯಿತು.

ಎರಡು ವರ್ಷಗಳ ನಂತರ, 1988ರಲ್ಲಿ, ಅವರ ತಂಡದ ಅಧ್ಯಯನವೊಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ಮನೆಗಳಲ್ಲಿ ವಾಸಿಸುತ್ತಿದ್ದ, 75 ದಾಟಿದ 336 ಮಂದಿಯನ್ನು ಒಂದು ವರ್ಷ ಗಮನಿಸಲಾಗಿತ್ತು. ಮೂವರಲ್ಲಿ ಒಬ್ಬರು ಬಿದ್ದಿದ್ದರು. ಬಿದ್ದವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ ತೀವ್ರ ಪೆಟ್ಟಾಗಿತ್ತು. ನಿದ್ರೆ ಮಾತ್ರೆ, ಕಾಲುಗಳ ದುರ್ಬಲತೆ, ಪಾದದ ತೊಂದರೆ, ನಡಿಗೆಯ ತೊಡಕು, ಮರೆವು ಮುಂತಾದ ಕಾರಣಗಳು ಕಂಡುಬಂದವು. ಇವುಗಳಲ್ಲಿ ಒಂದೂ ಇಲ್ಲದವರು ಬೀಳುವ ಸಂಭವ ಶೇ 8 ಮಾತ್ರ. ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ಅದು ಶೇ 78! ಅಂದರೆ ಬೀಳಿಸುವುದು ಬರೀ ವಯಸ್ಸಲ್ಲ, ಒಂದರ ಮೇಲೊಂದು ಕೂಡಿಕೊಳ್ಳುವ ಕಾರಣಗಳು.

ಕಾರಣಗಳನ್ನು ಕಳೆದರೆ ಬೀಳುವುದೂ ಕಡಿಮೆಯಾಗಬೇಕಲ್ಲವೆ? ಇದಕ್ಕೆ 1994ರಲ್ಲಿ ಉತ್ತರ ಸಿಕ್ಕಿತು. 70 ದಾಟಿದ 301 ಮಂದಿಯಲ್ಲಿ ಕೆಲವರಿಗೆ ಮಾತ್ರೆಗಳ ಹೊಂದಾಣಿಕೆ, ಓಡಾಟದ ಎಚ್ಚರಿಕೆ ಮತ್ತು ವ್ಯಾಯಾಮ ಕಲಿಸಲಾಯಿತು. ಉಳಿದವರಿಗೆ ಎಂದಿನ ಆರೈಕೆಯ ಜೊತೆಗೆ ಯೋಗಕ್ಷೇಮ ವಿಚಾರಿಸುವ ಭೇಟಿಗಳಷ್ಟೇ. ವರ್ಷ ಕಳೆಯುವಷ್ಟರಲ್ಲಿ ಮೊದಲ ಗುಂಪಿನಲ್ಲಿ ಶೇ 35, ಎರಡನೆಯದರಲ್ಲಿ ಶೇ 47 ಮಂದಿ ಬಿದ್ದಿದ್ದರು.

ಉಲ್ಲೇಖದ ಲೆಕ್ಕ

ಸಂಶೋಧಕರು ಪ್ರಬಂಧ ಬರೆಯುವಾಗ, ಹಿಂದಿನ ಯಾವ ಪ್ರಬಂಧಗಳ ಆಧಾರ ಪಡೆದರೆಂದು ಹೆಸರಿಸುತ್ತಾರೆ. ಇದೇ ಉಲ್ಲೇಖ. ಎಷ್ಟು ಮಂದಿ ಉಲ್ಲೇಖಿಸಿದರು ಎಂಬುದರಿಂದ ಒಬ್ಬ ವಿದ್ವಾಂಸರ ಪ್ರಭಾವ ಅಳೆಯುವ ಪದ್ಧತಿಯಿದೆ. ಟಿನೆಟ್ಟಿಯವರ 1988ರ ಪ್ರಬಂಧವನ್ನು ಸಾವಿರಾರು ಬಾರಿ ಉಲ್ಲೇಖಿಸಲಾಗಿದೆ. 2009ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಗೌರವವೂ ಸಂದಿತು.

ಆದರೆ ಉಲ್ಲೇಖ ಎಂಬುದು ಸಂಶೋಧಕರು ಸಂಶೋಧಕರೊಡನೆ ಆಡುವ ಮಾತು. ಅದು ಮನೆ ಬಾಗಿಲಿಗೆ ತಾನಾಗಿ ಬರುವುದಿಲ್ಲ. ಇದನ್ನೂ ಅವರು ಪರೀಕ್ಷಿಸಿದರು. ಕನೆಕ್ಟಿಕಟ್ ರಾಜ್ಯದ ಒಂದು ಪ್ರದೇಶದ ವೈದ್ಯರು, ದಾದಿಯರು, ಭೌತಚಿಕಿತ್ಸಕರಿಗೆ ಈ ವಿಷಯಗಳನ್ನು ತಿಳಿಸಿ, ಇನ್ನೊಂದು ಪ್ರದೇಶದೊಡನೆ ಹೋಲಿಸಿದರು. ಬಿದ್ದು ತೀವ್ರ ಪೆಟ್ಟಾಗುವುದು ಶೇ 9ರಷ್ಟು ಕಡಿಮೆಯಿತ್ತೆಂದು 2008ರಲ್ಲಿ ವರದಿಯಾಯಿತು. ಮುಂದೆ ಅಮೆರಿಕದಲ್ಲೇ 5,451 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಾತ್ರ ಖಚಿತ ಎನ್ನುವಂಥ ಲಾಭ ಕಾಣಲಿಲ್ಲ. ಹಾಗೆಂದು ಪ್ರಯತ್ನ ಬಿಡಬೇಕಿಲ್ಲ. ಕಾರಣಗಳನ್ನು ಪಟ್ಟಿ ಮಾಡುವುದು ಸುಲಭ, ದಿನವೂ ಪಾಲಿಸುವುದು ಕಷ್ಟ ಎಂಬುದನ್ನು ಇದರಿಂದ ಕಲಿಯಬಹುದು. ಆ ದಿನನಿತ್ಯದ ಕೆಲಸ ಮನೆಯವರದ್ದು.

ನೀವು ಮಾಡಬಹುದಾದದ್ದು

* ಹಿರಿಯರು ಒಮ್ಮೆ ಬಿದ್ದರೂ, ಪೆಟ್ಟಾಗದಿದ್ದರೂ, ವೈದ್ಯರಿಗೆ ತಿಳಿಸಿ. ನಡೆಯಲಾಗದಿದ್ದರೆ ಅಥವಾ ತಲೆಗೆ ಪೆಟ್ಟಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

* ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದಿಡಿ. ನಿದ್ರೆ ಮಾತ್ರೆ, ರಕ್ತದೊತ್ತಡದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

* ಮಲಗಿದ್ದಾಗ ಮತ್ತು ಎದ್ದು ನಿಂತಾಗ, ಎರಡು ಸಲ ರಕ್ತದೊತ್ತಡ ನೋಡಲು ಕೇಳಿ. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಕುಳಿತು ಏಳುವ ಅಭ್ಯಾಸ ಒಳ್ಳೆಯದು.

* ಕಾಲಿಗೆ ಬಲ ಮತ್ತು ಸಮತೋಲನ ಕೊಡುವ ವ್ಯಾಯಾಮವನ್ನು ತಿಳಿದವರಿಂದ ಕಲಿತು ದಿನವೂ ಮಾಡಿಸಿ. ಬೀಳುವ ಭಯದಿಂದ ಮೂಲೆಯಲ್ಲಿ ಕೂರಿಸಿದರೆ ಕಾಲು ಇನ್ನಷ್ಟು ಸೋಲುತ್ತದೆ.

* ಬಚ್ಚಲಿಗೆ ಹಿಡಿಕೆ, ರಾತ್ರಿ ದಾರಿಗೆ ದೀಪ, ಪಾದಕ್ಕೆ ಸರಿಹೊಂದುವ ಚಪ್ಪಲಿ ಇರಲಿ. ನೆಲದ ಮೇಲಿನ ಸಡಿಲ ಚಾಪೆ ತೆಗೆಯಿರಿ.

ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ‘ಗಾಯ ಯಾವಾಗ ಮಾಯುತ್ತದೆ’ ಎಂದಷ್ಟೇ ಕೇಳಿ ಬರಬೇಡಿ. ‘ಇವರು ಬಿದ್ದದ್ದೇಕೆ’ ಎಂದೂ ಕೇಳಿ.