ಕಲ್ಲಿದ್ದಲ ನಾಡಿನ ಚಿತ್ರಶಾಲೆ

ಅಮೆರಿಕವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮುಗಿಲು ಮುಟ್ಟುವ ಸೌಧಗಳು, ಸಾಲುಗಟ್ಟಿ ಹರಿಯುವ ಮೋಟಾರು ಕಾರುಗಳು, ಸಿರಿವಂತಿಕೆಯ ಬೆಡಗು. ಅದೇ ದೇಶದ ಪೂರ್ವಭಾಗದಲ್ಲಿ ನೂರಾರು ಮೈಲಿ ಚಾಚಿಕೊಂಡಿರುವ ಆಪಲಾಚಿಯ ಪರ್ವತಶ್ರೇಣಿಯ ಮಡಿಲಲ್ಲಿ, ಕಾಲಡಿಯಲ್ಲಿ ಕಲ್ಲಿದ್ದಲಿನ ಐಶ್ವರ್ಯವಿದ್ದೂ ಒಲೆಯ ಚಿಂತೆ ತಪ್ಪದ ಜನರು ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದಾರೆಂಬುದು ಅನೇಕರಿಗೆ ತಿಳಿಯದು. ಕೆಂಟಕಿ ಸಂಸ್ಥಾನದ ಪೂರ್ವದ ಅಂಚಿನಲ್ಲಿ, ಆ ಬೆಟ್ಟಗಳ ಸಂದಿಯಲ್ಲಿ, ವೈಟ್ಸ್‌ಬರ್ಗ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಇಂತಹ ಊರಿನಲ್ಲಿ 1969ರಲ್ಲಿ ಸಾಕ್ಷ್ಯಚಿತ್ರಗಳ ಒಂದು ಶಾಲೆ ಹುಟ್ಟಿತು. ಮುಂದೆ ಅದಕ್ಕೆ ನಿಂತ ಹೆಸರು ‘ಆಪಲ್‌ಶಾಪ್’. ಸೇಬಿನ ಅಂಗಡಿಯೆಂದು ಭ್ರಮಿಸಬೇಕಾಗಿಲ್ಲ. ಆಪಲಾಚಿಯದ ಮೊದಲಕ್ಷರಗಳಿಗೆ ಕಾರ್ಯಾಗಾರದ ಬಾಲ ಅಂಟಿ ಆದ ಹೆಸರು ಅದು.

ಶಾಲೆಯ ಕಥೆಯನ್ನು ಹೇಳುವ ಮೊದಲು ನಾಡಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಪೆನಿಗಳ ಮಧ್ಯಸ್ಥರು ಬೆಟ್ಟದ ರೈತರ ಮನೆ ಮನೆಗೆ ಬಂದು, ಎಕರೆಗೆ ಅರ್ಧ ಡಾಲರಿನಂತಹ ಅಲ್ಪ ಬೆಲೆಗೆ ನೆಲದಡಿಯ ಖನಿಜದ ಹಕ್ಕನ್ನು ಬರೆಸಿಕೊಂಡರು. ಮೇಲಿನ ಮಣ್ಣು ರೈತನದು, ಕೆಳಗಿನ ಕಲ್ಲಿದ್ದಲು ಕಂಪೆನಿಯದು. ಮುಂದೆ ದೈತ್ಯ ಯಂತ್ರಗಳಿಂದ ಬೆಟ್ಟದ ಮೈಯನ್ನೇ ಸುಲಿದು ಕಲ್ಲಿದ್ದಲು ತೆಗೆಯುವ ಪದ್ಧತಿ ಬಂದಾಗ, ಆ ಹಳೆಯ ಪತ್ರಗಳ ಬಲದಿಂದ ರೈತನ ಒಪ್ಪಿಗೆ ಇಲ್ಲದೆಯೇ ಅವನ ಹೊಲವನ್ನು ಅಗೆಯಬಹುದೆಂದು ನ್ಯಾಯಾಲಯಗಳು ತೀರ್ಮಾನಿಸಿದವು. ಕೆಂಟಕಿಯ ಮತದಾರರು ಸಂಸ್ಥಾನದ ಸಂವಿಧಾನವನ್ನು ತಿದ್ದಿ ಈ ಅನ್ಯಾಯಕ್ಕೆ ತಡೆ ಹಾಕಿದ್ದು 1988ರಲ್ಲಿ.

1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ನರು ದಾರಿದ್ರ್ಯದ ಮೇಲೆ ಸಮರ ಸಾರಿದರು. ಆ ವರ್ಷದ ಏಪ್ರಿಲಿನಲ್ಲಿ ಪೂರ್ವ ಕೆಂಟಕಿಗೆ ತಾವೇ ಬಂದು ಒಬ್ಬ ಬಡವನ ಮನೆಯ ಜಗಲಿಯ ಮೇಲೆ ಕುಳಿತು ಮಾತನಾಡಿದರು. ಅಧ್ಯಕ್ಷರ ಹಿಂದೆ ಕ್ಯಾಮೆರಾಗಳು ಬಂದವು. ಕ್ಯಾಮೆರಾಗಳ ಹಿಂದೆ ಮತ್ತಷ್ಟು ಕ್ಯಾಮೆರಾಗಳು ಬಂದವು. ಹರಕು ಅಂಗಿಯ ಮಗು, ಸೋರುವ ಮಾಡು, ಹಲ್ಲು ಬಿದ್ದ ಗಣಿಯಾಳು, ಇವರ ಚಿತ್ರಗಳು ದೇಶದ ಮನೆಮನೆಯ ಟೆಲಿವಿಷನ್ನಿನಲ್ಲಿ ಮೂಡಿದವು. ಚಿತ್ರಗಳು ಸುಳ್ಳಲ್ಲ; ಅವುಗಳಿಂದ ಕೆಲಮಟ್ಟಿಗೆ ನೆರವೂ ಹರಿದುಬಂದಿತು. ಆದರೆ ಬೆಟ್ಟದವರು ತಮ್ಮ ಮುಖವನ್ನು ಪರರ ಕನ್ನಡಿಯಲ್ಲಿ ನೋಡಿಕೊಂಡರು. ಅಲ್ಲಿ ಕಂಡುದು ಅವರ ಬಡತನವಷ್ಟೇ. ಬಂದ ನೆಂಟರಿಗೆ ಹರಕು ಚಾಪೆಯನ್ನು ಮುಚ್ಚಿಟ್ಟು ಮಂದಲಿಗೆ ಹಾಸುವ ನಮ್ಮ ಮನೆಗಳ ಗೃಹಿಣಿಯರಿಗೆ ಈ ಸಂಕಟ ಎಂತಹುದೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಆ ಸಂಕಟ ಒಂದು ದಿನ ರಕ್ತಕ್ಕೆ ತಿರುಗಿತು. 1967ರ ಸೆಪ್ಟೆಂಬರ್ 20ರಂದು ಕೆನಡದ ಚಿತ್ರನಿರ್ದೇಶಕ ಹ್ಯೂ ಓಕಾನರ್ ತಮ್ಮ ತಂಡದೊಡನೆ ವೈಟ್ಸ್‌ಬರ್ಗಿನ ಸಮೀಪದ ಜೆರಮಾಯ ಎಂಬ ಹಳ್ಳಿಗೆ ಬಂದರು. ಮುಂದಿನ ವರ್ಷ ಟೆಕ್ಸಾಸಿನಲ್ಲಿ ನಡೆಯಲಿದ್ದ ಪ್ರದರ್ಶನಕ್ಕಾಗಿ ಅಮೆರಿಕದ ಜನಜೀವನವನ್ನು ಕುರಿತ ಚಿತ್ರ ತಯಾರಾಗುತ್ತಿತ್ತು. ಬಾಡಿಗೆಯ ಮನೆಯೊಂದರ ಜಗಲಿಯಲ್ಲಿ, ಗಣಿಯಿಂದ ಆಗತಾನೆ ಬಂದು ಮೈತುಂಬ ಮಸಿಯೊಡನೆ ಮಗುವನ್ನೆತ್ತಿಕೊಂಡು ಕುಳಿತಿದ್ದ ಒಬ್ಬ ಕೆಲಸಗಾರನನ್ನು ಅವರು ಚಿತ್ರಿಸುತ್ತಿದ್ದರು. ಆತನ ಅನುಮತಿ ಪಡೆದೇ ಚಿತ್ರಿಸುತ್ತಿದ್ದರು. ಅಷ್ಟರಲ್ಲಿ ಮನೆಯ ಮಾಲೀಕ ಹೋಬಾರ್ಟ್ ಐಸನ್ ಎಂಬ ವೃದ್ಧ ಪಿಸ್ತೂಲು ಹಿಡಿದು ಬಂದ. ತನ್ನ ನೆಲದಿಂದ ಹೊರಡಿರೆಂದು ಗದರಿಸಿದ. ತಂಡದವರು ಸಲಕರಣೆಗಳನ್ನು ಹೊತ್ತು ಹೊರಟಿದ್ದಂತೆಯೇ ಗುಂಡು ಹಾರಿತು. ಓಕಾನರ್ ಅಲ್ಲಿಯೇ ಮಡಿದರು.

ಇನ್ನೂ ವಿಚಿತ್ರವಾದುದು ಮೊಕದ್ದಮೆಯ ಗತಿ. ಊರಿನವರ ಕನಿಕರ ಕೊಂದವನ ಕಡೆಗೇ ಹೆಚ್ಚಾಗಿದ್ದುದರಿಂದ ವಿಚಾರಣೆ ನೆರೆಯ ಹಾರ್ಲನ್ ಜಿಲ್ಲೆಗೆ ವರ್ಗವಾಯಿತು. ಅಲ್ಲಿಯೂ ಜ್ಯೂರಿಯವರಲ್ಲಿ ಒಮ್ಮತ ಮೂಡಲಿಲ್ಲ. ಕೊನೆಗೆ 1969ರಲ್ಲಿ ಐಸನ್ ನರಹತ್ಯೆಯ ತಪ್ಪನ್ನು ಒಪ್ಪಿಕೊಂಡು ಹತ್ತು ವರ್ಷದ ಶಿಕ್ಷೆಗೆ ಗುರಿಯಾದ; ಒಂದೇ ವರ್ಷದಲ್ಲಿ ಪೆರೋಲಿನ ಮೇಲೆ ಮನೆಗೆ ಬಂದ.

ಐಸನ್ನನಿಗೆ ಶಿಕ್ಷೆಯಾದ ಆ ವರ್ಷದಲ್ಲಿಯೇ, ಅದೇ ಜಿಲ್ಲೆಗೆ, ಯೇಲ್ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪ ಕಲಿತ ಬಿಲ್ ರಿಚರ್ಡ್‌ಸನ್ ಎಂಬ ತರುಣ ತನ್ನ ಪತ್ನಿಯೊಡನೆ ಬಂದಿಳಿದ. ಹೊರಗಿನವನೇ, ಕ್ಯಾಮೆರಾವನ್ನೂ ತಂದ. ಆದರೆ ತಂದ ಕ್ಯಾಮೆರಾವನ್ನು ಊರ ಹುಡುಗರ ಕೈಗೆ ಕೊಟ್ಟ.

ಸರ್ಕಾರದ ಹಣದಿಂದ ದೇಶದ ಕೆಲವೆಡೆಗಳಲ್ಲಿ ಆಗ ಇಂತಹ ಚಿತ್ರ ಕಾರ್ಯಾಗಾರಗಳು ತೆರೆದಿದ್ದವು. ಬಡಕುಟುಂಬಗಳ ಯುವಕರಿಗೆ ಚಿತ್ರೋದ್ಯಮದ ಕಸುಬನ್ನು ಕಲಿಸಿ ನಗರಗಳಲ್ಲಿ ಉದ್ಯೋಗ ದೊರಕಿಸುವುದು ಅವುಗಳ ಉದ್ದೇಶ. ವೈಟ್ಸ್‌ಬರ್ಗಿನಲ್ಲಿ ಆದುದೇ ಬೇರೆ. ಕಲಿತ ಹುಡುಗರು ಊರು ಬಿಡಲೊಲ್ಲದೆ ಹೋದರು. ಸರ್ಕಾರದ ಹಣ ಬತ್ತತೊಡಗಿದಾಗ ಶಾಲೆಯನ್ನು ತಾವೇ ವಹಿಸಿಕೊಂಡು, ಲಾಭದ ಆಸೆಯಿಲ್ಲದ ಸಂಸ್ಥೆಯಾಗಿ ನಡೆಸಿದರು. ನೌಕರಿಗಾಗಿ ವಿದ್ಯೆ ಕೊಟ್ಟರೆ ವಿದ್ಯೆ ಊರನ್ನೇ ನೌಕರಿಯಾಗಿ ಮಾಡಿಕೊಂಡಿತು! ಯೋಜನೆ ಹಾಕಿದ ಅಧಿಕಾರಿಗಳ ಲೆಕ್ಕದಲ್ಲಿ ಇದು ಸೋಲೇ ಇರಬಹುದು.

ಕಲಿಕೆಯ ಕ್ರಮ ಸರಳವಾದುದು. ಚಿತ್ರ ತೆಗೆಯುವುದನ್ನು ತೆಗೆದೇ ಕಲಿಯಬೇಕು. ಆಗಿನದು 16 ಮಿಲಿಮೀಟರಿನ ಫಿಲ್ಮು. ನಾನೂರು ಅಡಿಯ ಒಂದು ಸುರುಳಿ ಓಡುವುದು ಹನ್ನೊಂದು ನಿಮಿಷ ಮಾತ್ರ. ಫಿಲ್ಮು ತುಟ್ಟಿ, ತೊಳೆಸುವುದು ತುಟ್ಟಿ. ಆದುದರಿಂದ ಗುಂಡಿಯೊತ್ತುವ ಮೊದಲು ನೋಡಬೇಕು, ಕೇಳಬೇಕು, ಕಾಯಬೇಕು. ಒಬ್ಬ ಕ್ಯಾಮೆರಾ ಹಿಡಿದರೆ ಇನ್ನೊಬ್ಬ ಧ್ವನಿಮುದ್ರಣ. ಆಮೇಲೆ ಸಂಕಲನದ ಮೇಜಿನಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕೆಂಬ ದೀರ್ಘ ಚರ್ಚೆ. ಈ ಬಿಡುವ ವಿದ್ಯೆಯೇ ಕಠಿನವಾದುದು.

ಅವರ ಚಿತ್ರಗಳ ಒಂದು ಗುಣ, ಭಾಷೆಯನ್ನು ಕಲಿಸುವ ನನ್ನಂತಹವನಿಗೆ ವಿಶೇಷವಾಗಿ ಹಿಡಿಸುತ್ತದೆ. ಅನೇಕ ಚಿತ್ರಗಳಲ್ಲಿ ತೆರೆಯ ಹಿಂದಿನಿಂದ ವಿವರಿಸುವ ಗಂಭೀರ ಕಂಠವೇ ಇಲ್ಲ. ರೇಡಿಯೋದ ಶುದ್ಧ ಇಂಗ್ಲಿಷಿನಲ್ಲಿ ಯಾರೋ ಬೆಟ್ಟದವರ ಬಗ್ಗೆ ಮಾತನಾಡುವ ಬದಲು, ಬೆಟ್ಟದವರೇ ನಗರದವರು ಹಾಸ್ಯಮಾಡುವ ತಮ್ಮ ಆಡುನುಡಿಯಲ್ಲಿ ಮಾತನಾಡುತ್ತಾರೆ. ಮೊದಮೊದಲ ಚಿತ್ರಗಳಲ್ಲೊಂದು, 1971ರದು, ಊರಿನ ಕಟುಕನೊಬ್ಬ ಹಂದಿಯನ್ನು ಕೊಯ್ದು ಹಸನು ಮಾಡುವ ಕೆಲಸವನ್ನು ಕುರಿತದ್ದು. ಸಸ್ಯಾಹಾರಿಗಳಾದ ವಾಚಕರು ಮುಖ ಸಿಂಡರಿಸಬಹುದು. ಆದರೆ ಅಲ್ಲಿ ಕಾಣುವುದು ದಾರಿದ್ರ್ಯವಲ್ಲ, ಕೈ ಪಳಗಿದ ಕಸುಬು. 1975ರ ಇನ್ನೊಂದು ಚಿತ್ರ ಕುರ್ಚಿ ಮಾಡುವ ಮುದುಕನದು. 1976ರದು ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಹೆಂಗಸರದು. ಕೌದಿಯ ಕಲೆ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರಿಗೆ ಹೊಸದೇನಲ್ಲ.

ಕುರ್ಚಿ ಕೌದಿಗಳಲ್ಲಿಯೇ ನಿಂತಿದ್ದರೆ ಈ ಶಾಲೆ ಹಳೆಯ ಕಾಲದ ಚೆಂದವನ್ನು ಮೆಚ್ಚಿಕೊಳ್ಳುವ ಸಂಘವಾಗಿ ಉಳಿಯುತ್ತಿತ್ತು. ನಿಲ್ಲಲಿಲ್ಲ. 1972ರ ಫೆಬ್ರವರಿ 26ರಂದು ಪಕ್ಕದ ಪಶ್ಚಿಮ ವರ್ಜೀನಿಯದ ಬಫಲೋ ಕ್ರೀಕ್ ಕಣಿವೆಯಲ್ಲಿ, ಗಣಿಯ ಹೊಲಸನ್ನು ತಡೆದು ನಿಲ್ಲಿಸಿದ್ದ ಅಣೆಕಟ್ಟು ಒಡೆಯಿತು. ಕಪ್ಪು ನೀರು ಹಳ್ಳಿಯ ಮೇಲೆ ಹಳ್ಳಿಯನ್ನು ಕೊಚ್ಚಿತು. 125 ಮಂದಿ ಸತ್ತರು, ಸುಮಾರು ನಾಲ್ಕು ಸಾವಿರ ಮಂದಿ ಮನೆ ಕಳೆದುಕೊಂಡರು. ಗಣಿ ಕಂಪೆನಿಯ ಕಡೆಯವರು ಇದು ದೈವದ ಕೃತ್ಯವೆಂದು ಹೇಳಿದರು. ಆಪಲ್‌ಶಾಪಿನ ಮಿಮಿ ಪಿಕರಿಂಗ್ ಬದುಕುಳಿದವರನ್ನೂ ಅಧಿಕಾರಿಗಳನ್ನೂ ಮಾತನಾಡಿಸಿ 1975ರಲ್ಲಿ ಚಿತ್ರವನ್ನು ಮುಗಿಸಿದರು. ಅದರ ಹೆಸರಿನಲ್ಲಿಯೇ ಉತ್ತರವಿದೆ: ಇದು ಮನುಷ್ಯಕೃತ್ಯ. 2005ರಲ್ಲಿ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ನಾಟಕ ತಂಡ, ಗಾನಮುದ್ರಿಕೆ, 1985ರಲ್ಲಿ ಸ್ವಂತ ಬಾನುಲಿ ಕೇಂದ್ರ, ಹೀಗೆ ಸಂಸ್ಥೆ ಕವಲೊಡೆದುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದಕ್ಕಿಂತ ಮುಖ್ಯವಾದುದು, ಆ ಗುಂಡೇಟಿನ ಪ್ರಶ್ನೆಗೆ ಈ ಶಾಲೆ ಮತ್ತೆ ಮರಳಿದ ಬಗೆ. ಕೌದಿಯ ಚಿತ್ರವನ್ನು ತೆಗೆದ ಎಲಿಜಬೆತ್ ಬ್ಯಾರೆಟ್ ಅದೇ ಸೀಮೆಯ ಮಗಳು. ಊರಿನವರೆಲ್ಲ ಬಲ್ಲ, ಆದರೆ ಬಾಯಿಬಿಟ್ಟು ಆಡದ ಆ ಕೊಲೆಯನ್ನೇ ವಸ್ತುವಾಗಿ ಆರಿಸಿಕೊಂಡು ಅವರು 2000ದಲ್ಲಿ ‘ಕ್ಯಾಮೆರಾ ಹಿಡಿದ ಅಪರಿಚಿತ’ ಎಂಬರ್ಥದ ಹೆಸರಿನ ಚಿತ್ರವನ್ನು ಹೊರತಂದರು. ಸತ್ತವರ ಬಂಧುಗಳನ್ನೂ ಕೊಂದವನ ಬಂಧುಗಳನ್ನೂ ಅವರು ಮಾತನಾಡಿಸಿದ್ದಾರೆ. ಕೊಲೆಯನ್ನು ಸಮರ್ಥಿಸುವುದಿಲ್ಲ, ಆದರೆ ಕೊಂದವನ ಮನಸ್ಸಿನಲ್ಲಿ ಕುದಿದ ಅವಮಾನವನ್ನು ಅಲ್ಲಗಳೆಯುವುದೂ ಇಲ್ಲ. ಚಿತ್ರದ ನಡುವೆ ಪ್ರಶ್ನೆ ತಮ್ಮ ಕಡೆಗೇ ತಿರುಗುತ್ತದೆ. ನಾನು ಊರಿನವಳು, ನಿಜ; ಅಷ್ಟರಿಂದಲೇ ನೆರೆಯವನ ಜಗಲಿಯ ಮೇಲೆ ಕ್ಯಾಮೆರಾ ನಿಲ್ಲಿಸುವ ಹಕ್ಕು ನನಗೆ ಬಂದಿತೆ? ನನ್ನ ಅಭಿಪ್ರಾಯದಲ್ಲಿ ಈ ಶಾಲೆಯ ಅತ್ಯಂತ ಪ್ರಾಮಾಣಿಕ ಚಿತ್ರವೆಂದರೆ ಇದೇ. ಊರಿನವನ ಕಣ್ಣು ಸದಾ ನಿರ್ಮಲವೆಂದು ನಂಬುವುದು ಸುಲಭ. ಮನೆಯೊಡೆಯ ಐಸನ್ನನೂ ಊರಿನವನೇ, ಬಾಡಿಗೆಯ ಗಣಿಯಾಳೂ ಊರಿನವನೇ. ಅಂದು ಒಪ್ಪಿಗೆ ಕೊಟ್ಟವನ ಮಾತಿಗೆ ಒಡೆಯನ ಮುಂದೆ ಬೆಲೆಯಿರಲಿಲ್ಲ.

1988ರಿಂದ ಹದಿಹರೆಯದ ಹುಡುಗ ಹುಡುಗಿಯರಿಗಾಗಿಯೇ ಇಲ್ಲಿ ಬೇರೊಂದು ತರಗತಿ ಏರ್ಪಟ್ಟಿತು. ಬೇಸಿಗೆ ರಜೆಯಲ್ಲಿ ಸಣ್ಣ ಸಣ್ಣ ತಂಡಗಳಾಗಿ ಒಂದೊಂದು ಚಿತ್ರ. ಕಲಿಯುವವರಿಗೆ ಶುಲ್ಕವಿಲ್ಲ, ಬದಲಾಗಿ ಸಂಬಳ; ಬಡ ಮನೆಯ ಹುಡುಗ ರಜೆಯಲ್ಲಿ ದುಡಿಯದೆ ಇರಲಾರನೆಂಬ ವಿವೇಕ ಅದರ ಹಿಂದೆ ಇದೆ. ಗಣಿಗಳು ಮುಚ್ಚಿದ ಮೇಲೆ ನೋವುಮಾತ್ರೆಗಳ ಚಟಕ್ಕೆ ಬಿದ್ದು ಹಾಳಾದ ಕುಟುಂಬಗಳ ಕಥೆಯನ್ನೂ ಈ ಮಕ್ಕಳು ಚಿತ್ರಿಸಿದರು. ಮುಗಿದ ಚಿತ್ರದ ಮೊದಲ ಪ್ರೇಕ್ಷಕರು ಅಪ್ಪ, ಅಮ್ಮ, ನೆರೆಹೊರೆ. ನಾಳೆ ಅಂಗಡಿಯ ಮುಂದೆ ಸಿಗುವ ವಿಮರ್ಶಕರಿಗಿಂತ ಕಠಿನರು ಎಲ್ಲಿದ್ದಾರೆ?

2022ರ ಜುಲೈ 28ರಂದು ಪೂರ್ವ ಕೆಂಟಕಿಯ ಮೇಲೆ ಮಹಾಪೂರ ಎರಗಿತು. ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ವೈಟ್ಸ್‌ಬರ್ಗಿನಲ್ಲಿ ಕೆಂಟಕಿ ನದಿಯ ಉತ್ತರದ ಕವಲು ಹಿಂದೆಂದೂ ಕಾಣದ ಎತ್ತರಕ್ಕೆ ಏರಿ, ದಂಡೆಯ ಸಮೀಪದ ಆಪಲ್‌ಶಾಪಿನ ಕಟ್ಟಡಕ್ಕೆ ನುಗ್ಗಿತು. ಐದು ದಶಕಗಳ ಫಿಲ್ಮು ಸುರುಳಿಗಳು, ಧ್ವನಿಮುದ್ರಣಗಳು, ಛಾಯಾಚಿತ್ರಗಳು ಕೆಸರು ನೀರಿನಲ್ಲಿ ನೆನೆದವು. ಕೆಲವು ಬೀದಿಗೇ ತೇಲಿಹೋದವು. ಸ್ವಂತ ಮನೆಗಳನ್ನೂ ಬಳಿಯಬೇಕಾಗಿದ್ದ ಜನ ಬಂದು ಡಬ್ಬಿಗಳನ್ನು ಕೆಸರಿನಿಂದ ಹೆಕ್ಕಿದರು. ಬೂಷ್ಟು ಹಿಡಿಯದಂತೆ ಅವನ್ನು ಹೆಪ್ಪುಗಟ್ಟಿಸುವ ಶೈತ್ಯದಲ್ಲಿರಿಸಿ, ದೂರದ ಪ್ರಯೋಗಶಾಲೆಗಳಿಗೆ ಕಳುಹಿಸಿದರು. ಒಂದೊಂದನ್ನೇ ತೊಳೆದು, ಒಣಗಿಸಿ, ಅದರಲ್ಲಿ ಯಾರ ಮುಖ, ಯಾರ ಮಾತು ಉಳಿದಿದೆಯೆಂದು ನೋಡುವ ಆ ಕೆಲಸ ವರ್ಷಗಳನ್ನೇ ಬೇಡುವಂತಹುದು.