ಹವ್ಯಾಸದ ಕಿವಿ, ಕಸುಬಿನ ಅಳತೆ

ಧ್ವನಿಯ ಹುಚ್ಚು ಹಿಡಿದ ಹುಡುಗರು ಪ್ರತಿಯೊಂದು ಊರಿನಲ್ಲಿಯೂ ಇರುತ್ತಾರೆ. ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಮದುವೆ, ಜಾತ್ರೆ, ಗಣೇಶೋತ್ಸವಗಳು ಬಂದವೆಂದರೆ ಮೈಕ್‌ಸೆಟ್ಟಿನ ಸುತ್ತ ಮೊದಲು ಸೇರುವವರು ಇವರೇ. ಹಳೆಯ ಆಂಪ್ಲಿಫೈಯರನ್ನು ಬಿಚ್ಚಿ ನೋಡುವುದು, ಸುಟ್ಟ ಸ್ಪೀಕರಿಗೆ ಹೊಸ ಸುರುಳಿ ಕೂಡಿಸುವುದು, ಮನೆಯ ಟಿ.ವಿ.ಗೆ ಐದಾರು ಪೆಟ್ಟಿಗೆಗಳನ್ನು ಜೋಡಿಸಿ ಹೋಮ್ ಥಿಯೇಟರು ಮಾಡುವುದು ಇವರ ಬಿಡುವಿನ ಆಟ. ಇದು ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ ಎಂಬುದು ಹಿರಿಯರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಕೊಡುತ್ತದೆಂದು ನಾವು ಹೇಳುತ್ತೇವೆ. ಆದರೆ ಕೇಳುವ ಕಿವಿಯ ಜೊತೆಗೆ ಅಳೆಯುವ ಕೈಯೂ ಕೂಡಿದಾಗ ಮಾತ್ರ.

ಹವ್ಯಾಸವೊಂದು ಮನೆಯ ಹೊಸ್ತಿಲು ದಾಟಿ ಸಂಸ್ಥೆಯಾಗಿ ಬೆಳೆದುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪ್ರೇಷಕವೊಂದನ್ನು ಹೂಡಿ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಸಾಧಾರಣವಾದ ಒಂದು ಸೀಲಿಂಗ್ ಫ್ಯಾನು ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ! ಕೆಲವು ಕಾಲದಲ್ಲಿ 250 ವಾಟ್ ಪ್ರೇಷಕವೂ ಬಂದಿತು. 1940ರ ದಶಕದಲ್ಲಿ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು. ಅದರ ಹೆಸರು ‘ಆಕಾಶವಾಣಿ’. 1957ರಲ್ಲಿ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಗೋಪಾಲಸ್ವಾಮಿಯವರು ಅನ್ನಕ್ಕಾಗಿ ಇದನ್ನು ಮಾಡಲಿಲ್ಲ. ಆದರೆ ಅವರು ತೆರೆದ ದಾರಿಯಲ್ಲಿ ಅನೇಕ ಉದ್ಘೋಷಕರೂ ತಂತ್ರಜ್ಞರೂ ಅನ್ನವನ್ನು ಕಂಡರು.

ಹವ್ಯಾಸವನ್ನೇ ಜೀವನೋಪಾಯವಾಗಿಸಿಕೊಂಡವರು ಅಮರ್ ಬೋಸ್. ಬಂಗಾಳದಿಂದ ಅಮೆರಿಕಕ್ಕೆ ಹೋದ ತಂದೆಯ ಮಗ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇನ್ನೂ ಶಾಲಾ ಬಾಲಕನಾಗಿರುವಾಗಲೇ, ರೇಡಿಯೊ ದುರಸ್ತಿ ಮಾಡಿ ಸಂಸಾರಕ್ಕೆ ನೆರವಾದರು. 1956ರಲ್ಲಿ ಅವರು ಒಂದು ಸಂಗೀತಯಂತ್ರವನ್ನು ಕೊಂಡರು. ಕಾಗದದ ಮೇಲಿನ ಅಂಕಿಗಳೆಲ್ಲ ಉತ್ತಮ, ಕೇಳಿದರೆ ನೀರಸ! ಏಕೆ ಹೀಗೆ ಎಂದು ಅವರು ಅಳೆಯತೊಡಗಿದರು. ಸಂಗೀತ ಮಂದಿರದಲ್ಲಿ ಕೇಳುಗನನ್ನು ಮುಟ್ಟುವ ಧ್ವನಿಯ ಬಹುಪಾಲು ಗೋಡೆ, ಛಾವಣಿಗಳಿಗೆ ತಾಗಿ ಮರಳಿದುದೆಂಬ ಅಂಶ ಅವರ ಚಿಂತನೆಗೆ ಬುನಾದಿಯಾಯಿತು. 1964ರಲ್ಲಿ ಕಂಪನಿ ಸ್ಥಾಪನೆಯಾಯಿತು. 1968ರಲ್ಲಿ ಹೊರಬಂದ ‘901’ ಎಂಬ ಪೆಟ್ಟಿಗೆಯ ಒಂಬತ್ತು ಸ್ಪೀಕರುಗಳಲ್ಲಿ ಎಂಟು ಗೋಡೆಯ ಕಡೆಗೆ ಮುಖಮಾಡಿದ್ದವು. ಈ ವಿನ್ಯಾಸವನ್ನು ಎಲ್ಲರೂ ಮೆಚ್ಚಿದರೆಂದಲ್ಲ. ಪ್ರಶ್ನೆ ಕಿವಿಯಿಂದ ಹುಟ್ಟಿತು, ಉತ್ತರವನ್ನು ಅಳತೆಯಲ್ಲಿ ಹುಡುಕಲಾಯಿತು ಎಂಬುದೇ ನಮಗೆ ಮುಖ್ಯ.

ಇನ್ನು ನಮ್ಮ ಮನೆಗಳಿಗೆ ಬರೋಣ. ಶಹಾಬಾದಿ ಕಲ್ಲಿನ ನೆಲ, ಗಾರೆಯ ಗೋಡೆ, ಮೇಲೆ ಕಾಂಕ್ರೀಟಿನ ಛಾವಣಿ. ಇಂತಹ ಕೋಣೆಯಲ್ಲಿ ಎಷ್ಟು ಬೆಲೆಯ ಹೋಮ್ ಥಿಯೇಟರನ್ನು ಇಟ್ಟರೂ ಮಾತು ಕಲಸಿಹೋಗುತ್ತದೆ. ಧ್ವನಿಮೂಲ ನಿಂತ ಮೇಲೂ ಕೋಣೆಯಲ್ಲಿ ಧ್ವನಿ ಸುಳಿದಾಡುತ್ತಿರುವುದಕ್ಕೆ ಅನುರಣನೆ ಎಂದು ಹೆಸರು. ಹಾರ್ವರ್ಡಿನ ಭೌತವಿಜ್ಞಾನದ ಅಧ್ಯಾಪಕ ವಾಲೇಸ್ ಸಬೀನ್ 1890ರ ದಶಕದಲ್ಲಿ ಇದರ ನಿಯಮವನ್ನು ಕಂಡುಹಿಡಿದನು. ಮಾತು ತಿಳಿಯದಂತಹ ಉಪನ್ಯಾಸ ಮಂದಿರವೊಂದಕ್ಕೆ ನೆರೆಯ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, ಧ್ವನಿ ಅಡಗಲು ಹಿಡಿಯುವ ಕಾಲವನ್ನು ಅಳೆದನು. ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಧ್ವನಿಯನ್ನು ಹೀರುವ ಒಟ್ಟು ಮೇಲ್ಮೈಯಿಂದ ಭಾಗಿಸಿದರೆ ಧ್ವನಿ 60 ಡೆಸಿಬೆಲ್ ಇಳಿಯುವ ಕಾಲ ಸೆಕೆಂಡುಗಳಲ್ಲಿ ದೊರೆಯುತ್ತದೆ.

ಲೆಕ್ಕ ಮಾಡಿಯೇ ನೋಡೋಣ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಖಾಲಿ ಕೋಣೆ. ಘನಗಾತ್ರ 60 ಘನಮೀಟರ್. ಒಟ್ಟು ಮೇಲ್ಮೈ 94 ಚದರ ಮೀಟರ್. ಕಲ್ಲು, ಗಾರೆಗಳು ತಮಗೆ ತಾಗಿದ ಧ್ವನಿಯಲ್ಲಿ ನೂರಕ್ಕೆ 3 ಭಾಗವನ್ನು ಹೀರುತ್ತವೆಂದಿಟ್ಟುಕೊಂಡರೆ ಹೀರುವ ಮೇಲ್ಮೈ 2.8 ಚದರ ಮೀಟರ್ ಮಾತ್ರ. ಅನುರಣನೆಯ ಕಾಲ ಸುಮಾರು 3.4 ಸೆಕೆಂಡು! ಈಗ ಗೋಡೆಗಳ ಮೇಲೆ ಒಟ್ಟು 10 ಚದರ ಮೀಟರಿನಷ್ಟು ದಪ್ಪನೆಯ ಹತ್ತಿ ಗಾದಿಯನ್ನು ತೆಳುಬಟ್ಟೆ ಹೊದಿಸಿ ನಿಲ್ಲಿಸಿರಿ. ಅದು ನೂರಕ್ಕೆ 80 ಭಾಗವನ್ನು ಹೀರಿದರೆ ಕಾಲ 1 ಸೆಕೆಂಡಿಗಿಂತ ಕೆಳಗಿಳಿಯುತ್ತದೆ. ರಾಯಚೂರಿನ ಗಂಜಿಗೆ ಮೂಟೆಮೂಟೆಯಾಗಿ ಬರುವ ಹತ್ತಿಗೆ ಇಂತಹ ಉಪಯೋಗವೂ ಇದೆಯೆಂಬುದನ್ನು ಹವ್ಯಾಸಿಗಳು ಗಮನಿಸಬೇಕು. ಆದರೆ ಹತ್ತಿಗೆ ಬೆಂಕಿ ಬೇಗ ಹತ್ತುತ್ತದೆ. ಬಿಸಿಯಾಗುವ ಯಂತ್ರ, ತಂತಿಗಳಿಂದ ದೂರವಿರಲಿ. ಮಂದ್ರಸ್ವರಗಳು ಗಾದಿಗೆ ಜಗ್ಗುವುದಿಲ್ಲವೆಂಬುದನ್ನೂ ಮರೆಯಬಾರದು. 100 ಹರ್ಟ್ಸಿನ ಧ್ವನಿಯ ಅಲೆಯ ಉದ್ದ ಸುಮಾರು ಮೂರೂವರೆ ಮೀಟರು. ನಾಲ್ಕು ಬೆರಳು ದಪ್ಪದ ಗಾದಿ ಅದಕ್ಕೆ ಯಾವ ಲೆಕ್ಕ? (ನಮ್ಮ 40 ಡಿಗ್ರಿ ಬೇಸಿಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 355 ಮೀಟರಿಗೆ ಏರುವುದರಿಂದ ಅಲೆ ಇನ್ನೂ ಕೊಂಚ ಉದ್ದವಾಗುತ್ತದೆ.)

ಬಯಲಿನ ಸಮಸ್ಯೆ ಬೇರೆ. ದೂರ ಇಮ್ಮಡಿಯಾದಂತೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಸಿದರೆ ಮರಳಿ ಬರುವುದು 3 ಡೆಸಿಬೆಲ್ ಮಾತ್ರ. ಒಂದು ಮೀಟರಿನಲ್ಲಿ 110 ಡೆಸಿಬೆಲ್ ಇದ್ದುದು 32 ಮೀಟರಿನಲ್ಲಿ 80 ಆಗುತ್ತದೆ. ಹಿಂದೆ ಕುಳಿತವರಿಗೆ ಕೇಳಿಸಲೆಂದು ಗುಂಡಿಯನ್ನು ತಿರುಗಿಸುತ್ತ ಹೋದರೆ ಮುಂದೆ ಕುಳಿತ ಮಕ್ಕಳ ಕಿವಿಗೆ ಅಪಾಯ. ಕಸುಬುದಾರನು ಚಿಕ್ಕ ಪೆಟ್ಟಿಗೆಗಳನ್ನು ದೂರದೂರದಲ್ಲಿ ಹಂಚಿ ನಿಲ್ಲಿಸುತ್ತಾನೆ; 34 ಮೀಟರ್ ಹಿಂದಿರುವ ಪೆಟ್ಟಿಗೆಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವನ್ನು ಕೊಡುತ್ತಾನೆ. ಜಗನ್ನಾಥದಾಸರ ಮಾನ್ವಿಯಲ್ಲಿ ದಾಸರ ಪದ ಹಾಡಿದಾಗ ಕೊನೆಯ ಸಾಲಿನವನಿಗೂ ಪದದ ಅರ್ಥ ತಿಳಿಯಬೇಡವೇ? 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ. ಇವನ್ನು ಬಲ್ಲವನನ್ನು ಜನ ಮತ್ತೆ ಕರೆಯುತ್ತಾರೆ.

ಈ ಕಸುಬಿನ ವರಮಾನ ಹಂಗಾಮಿಗೆ ಕಟ್ಟುಬಿದ್ದದ್ದು. ಮದುವೆಗಳ ತಿಂಗಳುಗಳಲ್ಲಿ ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸವಿಲ್ಲ. ಆದುದರಿಂದ ಬಾಡಿಗೆಯ ಮೈಕ್‌ಸೆಟ್ಟೊಂದನ್ನೇ ನಂಬದೆ ದುರಸ್ತಿ, ಧ್ವನಿಮುದ್ರಣ, ತರಗತಿ ಮತ್ತು ಸಭಾಭವನಗಳ ಧ್ವನಿವ್ಯವಸ್ಥೆ ಇವನ್ನೂ ಕಲಿಯುವುದು ಲೇಸು. ಕ್ರಮವಾಗಿ ಕಲಿಯಲು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯೂ ಪುಣೆಯ ಸಂಸ್ಥೆಯೂ ಹೆಸರಾದವು. 2009ರಲ್ಲಿ ಆಸ್ಕರ್ ಪಡೆದ ಕೇರಳದ ರಸೂಲ್ ಪೂಕುಟ್ಟಿಯವರು ಪುಣೆಯಲ್ಲಿ ಕಲಿತವರು.

ದೇವದುರ್ಗದ ವಿದ್ಯಾರ್ಥಿ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮೊಬೈಲಿನ ಡೆಸಿಬೆಲ್ ಮಾಪಕವು ಕೆಲವು ಡೆಸಿಬೆಲ್ ತಪ್ಪಬಹುದು. ಆದರೂ ಒಂದೇ ಫೋನಿನಿಂದ ಎರಡು ಸ್ಥಳಗಳನ್ನು ಹೋಲಿಸಲು ಸಾಕು. ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ ಮುದ್ರಿಸಿಕೊಳ್ಳಿರಿ, ಬಳಿಕ ಗಾದಿಗಳನ್ನಿಟ್ಟು ಮತ್ತೊಮ್ಮೆ, ಎರಡನ್ನೂ ಬರೆದಿಡಿರಿ.