ಚರ್ಚ್‌ಗೇಟ್‌ನಲ್ಲಿ ಚರ್ಚ್ ಎಲ್ಲಿದೆ? ಮುಂಬೈನ ಹಳೆಯ ಗೋಪುರಗಳು ಉಳಿದಿದ್ದು ಹೇಗೆ?

ಮುಂಬೈನ ಪಶ್ಚಿಮ ರೈಲ್ವೆ ಲೋಕಲ್‌ನಲ್ಲಿ ಓಡಾಡುವವರಿಗೆ ಚರ್ಚ್‌ಗೇಟ್ ಕೊನೆಯ ನಿಲ್ದಾಣ. ಅಲ್ಲಿ ಇಳಿದು ಹೊರಬಂದರೆ ಎದುರಿಗೆ ಚರ್ಚೂ ಕಾಣುವುದಿಲ್ಲ, ಗೇಟೂ ಕಾಣುವುದಿಲ್ಲ. ಹಾಗಾದರೆ ಈ ಹೆಸರು ಬಂದಿದ್ದು ಎಲ್ಲಿಂದ?

ಉತ್ತರ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿ, ಹಾರ್ನಿಮನ್ ಸರ್ಕಲ್ ಪಕ್ಕದಲ್ಲಿದೆ. ಅಲ್ಲಿರುವ ಸೇಂಟ್ ಥಾಮಸ್ ಕೆಥೆಡ್ರಲ್ ಕಡೆಗೆ ಹೋಗುವ ಕೋಟೆ ಬಾಗಿಲಿಗೆ ಜನ 'ಚರ್ಚ್ ಗೇಟ್' ಎನ್ನುತ್ತಿದ್ದರು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಬಾಗಿಲು ಇದ್ದ ಜಾಗದಲ್ಲಿ 1864ರಲ್ಲಿ ಫ್ಲೋರಾ ಫೌಂಟನ್ ಎದ್ದಿತು. ಬಾಗಿಲು ಹೋಯಿತು, ಹೆಸರು ರೈಲು ನಿಲ್ದಾಣಕ್ಕೆ ಅಂಟಿಕೊಂಡಿತು, ಚರ್ಚ್ ಮಾತ್ರ ಇದ್ದಲ್ಲೇ ಇದೆ.

ಮುಂಬೈನಲ್ಲಿ ಇಂಥ ಹಳೆಯ ಚರ್ಚ್‌ಗಳು, ಗೋಪುರಗಳು ಹಲವು. ಕೆಲವು ಗಟ್ಟಿಯಾಗಿವೆ, ಕೆಲವು ಹೊಸ ರೂಪ ಪಡೆದಿವೆ, ಒಂದಂತೂ ಪಾಳುಬಿದ್ದಿದೆ. ಈ ವ್ಯತ್ಯಾಸಕ್ಕೆ ಕಾರಣವೇನು?

40 ವರ್ಷ ನಿಂತುಹೋಗಿದ್ದ ಕೆಲಸ

ಸೇಂಟ್ ಥಾಮಸ್ ಚರ್ಚ್‌ಗೆ ಅಡಿಪಾಯ ಬಿದ್ದದ್ದು 1676ರಲ್ಲಿ, ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ. ಗೋಡೆ ಸುಮಾರು 15 ಅಡಿ ಎದ್ದ ಮೇಲೆ ಕೆಲಸ ನಿಂತಿತು. ಸುಮಾರು 40 ವರ್ಷ ಅದು ಹಾಗೆಯೇ ಇತ್ತು. ರಿಚರ್ಡ್ ಕಾಬ್ ಎಂಬ ಪಾದ್ರಿ ಮುತುವರ್ಜಿ ವಹಿಸಿ ಕೆಲಸ ಮತ್ತೆ ಆರಂಭಿಸಿದರು. 1718ರ ಕ್ರಿಸ್‌ಮಸ್ ದಿನ ಚರ್ಚ್ ಬಾಗಿಲು ತೆರೆಯಿತು. 1837ರಲ್ಲಿ ಇದಕ್ಕೆ ಕೆಥೆಡ್ರಲ್ ಸ್ಥಾನ ಸಿಕ್ಕಿತು. ದುರಸ್ತಿಯ ನಂತರ 2004ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಸಂರಕ್ಷಣಾ ಪ್ರಶಸ್ತಿಯೂ ಬಂತು.

ಇಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಮೂರು ಶತಮಾನ ದಾಟಿದರೂ ಈ ಕಟ್ಟಡ ಗಟ್ಟಿಯಾಗಿ ಉಳಿಯಲು ಇದೂ ಒಂದು ಕಾರಣ.

ಹಡಗಿಗೆ ಗುರುತು, ಊರಿಗೆ ಗಡಿಯಾರ

ಬ್ರಿಟನ್‌ನ ಸಣ್ಣ ಪಟ್ಟಣ, ಹಳ್ಳಿಗಳಲ್ಲಿ ಚರ್ಚ್ ಗೋಪುರ ಕೇವಲ ಪೂಜಾಸ್ಥಳದ ಭಾಗವಲ್ಲ. ದೂರದಿಂದ ಬರುವವರಿಗೆ ಊರಿನ ಗುರುತು ಅದೇ, ಗಂಟೆ ಹೊಡೆದು ಸಮಯ ತಿಳಿಸುವುದೂ ಅದೇ. ಮುಂಬೈಗೆ ಬಂದ ಬ್ರಿಟಿಷರು ಇದೇ ಪದ್ಧತಿಯನ್ನು ಇಲ್ಲಿಗೂ ತಂದರು.

ಕೊಲಾಬಾದ ನೇವಿ ನಗರದ ಬಳಿಯ ಅಫ್ಘಾನ್ ಚರ್ಚ್ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಅಫ್ಘಾನ್ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಕಟ್ಟಿದ ಇದು 1858ರಲ್ಲಿ ಉದ್ಘಾಟನೆಯಾಯಿತು. ಸುಮಾರು 60 ಮೀಟರ್ ಎತ್ತರದ ಚೂಪಾದ ಶಿಖರ ಪೂರ್ತಿಯಾಗಿದ್ದು 1865ರಲ್ಲಿ. ಬಂದರಿಗೆ ಬರುವ ಹಡಗುಗಳಿಗೆ ಈ ಶಿಖರವೇ ದಿಕ್ಕಿನ ಗುರುತಾಗಿತ್ತು. ಪ್ರಾರ್ಥನೆಗೆ ಬರುವ ಸೈನಿಕರು ಬಂದೂಕು ಒರಗಿಸಿಡಲೆಂದು ಬೆಂಚುಗಳಲ್ಲಿ ಮಾಡಿದ ವ್ಯವಸ್ಥೆ ಇಲ್ಲಿನ ವಿಶೇಷ.

ಇನ್ನು ಸಮಯ ಹೇಳುವ ಕೆಲಸ ಮಾಡಿದ್ದು ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ. ಇದು ಚರ್ಚ್ ಅಲ್ಲದಿದ್ದರೂ ಶೈಲಿ ಮಾತ್ರ ಇಂಗ್ಲೆಂಡ್‌ನ ಗಾಥಿಕ್ ಚರ್ಚ್‌ಗಳದ್ದೇ. ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್, ಲಂಡನ್‌ನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಹೋಟೆಲ್ ವಿನ್ಯಾಸಗೊಳಿಸಿದವರು. ಅವರು ಮುಂಬೈಗೆ ಬಂದೇ ಇರಲಿಲ್ಲ, ಅಲ್ಲಿಂದಲೇ ನಕ್ಷೆ ಕಳುಹಿಸಿದ್ದರು. 1869ರಲ್ಲಿ ಶುರುವಾದ ಕೆಲಸ 1878ರಲ್ಲಿ ಮುಗಿಯಿತು. ಎತ್ತರ ಸುಮಾರು 85 ಮೀಟರ್, ಅಂದರೆ 280 ಅಡಿ. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್‌ನ ಜೋಡಿ ಗೋಪುರಗಳ ಎತ್ತರ 175 ಅಡಿ ಎಂದರೆ ಇದರ ಅಂದಾಜು ಸಿಗುತ್ತದೆ.

ಗೋಪುರಕ್ಕೆ 2 ಲಕ್ಷ ರೂಪಾಯಿ ಕೊಟ್ಟವರು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ತಾಯಿ ರಾಜಾಬಾಯಿ ಹೆಸರಿಡಬೇಕು ಎಂಬುದೊಂದೇ ಅವರ ಷರತ್ತು. ಕಣ್ಣು ಕಾಣದ ಆ ಜೈನ ತಾಯಿಗೆ ಸೂರ್ಯಾಸ್ತಕ್ಕೆ ಮುಂಚೆ ಊಟ ಮಾಡಲು ಗಂಟೆಯ ಸದ್ದು ನೆರವಾಗಲಿ ಎಂದು ಮಗ ಹೀಗೆ ಮಾಡಿದರು ಎಂಬ ಮಾತು ನಗರದಲ್ಲಿ ಪ್ರಚಲಿತ. ಶೈಲಿ ಇಂಗ್ಲೆಂಡಿನದಾದರೂ ಗೋಪುರದ ಮೇಲೆ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದವರ 24 ಶಿಲ್ಪಗಳಿವೆ.

ಆಗ ಮುಂಬೈಗೆ ತನ್ನದೇ ಸಮಯವಿತ್ತು. 'ಬಾಂಬೆ ಟೈಮ್' ಇಂದಿನ ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯ ಬಂದ ಮೇಲೂ ನಗರದಲ್ಲಿ ಇದರ ಬಳಕೆ ದಶಕಗಳ ಕಾಲ ಮುಂದುವರಿಯಿತು.

ಜನ ಊರು ಬಿಟ್ಟಾಗ

ಉಪನಗರಗಳ ಚರ್ಚ್‌ಗಳು ಇನ್ನೂ ಹಳೆಯವು. ಅವು ಪೋರ್ಚುಗೀಸರ ಕಾಲದವು. ಅಂಧೇರಿಯಲ್ಲಿ 1579ರಲ್ಲಿ ಜೆಸ್ಯೂಟ್ ಪಾದ್ರಿಗಳು ಕಟ್ಟಿದ ಸೇಂಟ್ ಜಾನ್ ದಿ ಬ್ಯಾಪ್ಟಿಸ್ಟ್ ಚರ್ಚ್ ಇತ್ತು. 1840ರ ಹೊತ್ತಿಗೆ ಸಾಂಕ್ರಾಮಿಕ ರೋಗ ಹರಡಿ ಜನ ಮರೋಳದ ಕಡೆಗೆ ಹೋದರು. ಚರ್ಚ್ ಖಾಲಿಯಾಯಿತು, ಛಾವಣಿ ಕುಸಿಯಿತು, ಗೋಡೆಗಳಲ್ಲಿ ಗಿಡ ಬೆಳೆಯಿತು. 1973ರಲ್ಲಿ ಶುರುವಾದ ಸೀಪ್ಜ್ ಕೈಗಾರಿಕಾ ವಲಯದ ಬೇಲಿಯೊಳಗೆ ಈ ಅವಶೇಷ ಈಗಲೂ ಇದೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಕ್ರೈಸ್ತರು ಅಲ್ಲಿ ಸೇರಿ ಹಬ್ಬ ಆಚರಿಸುತ್ತಾರೆ.

ದಾದರ್‌ನಲ್ಲಿ ಇದಕ್ಕೆ ತದ್ವಿರುದ್ಧ ಕಥೆ. 'ಪೋರ್ಚುಗೀಸ್ ಚರ್ಚ್' ಎಂದೇ ಹೆಸರಾದ ಅವರ್ ಲೇಡಿ ಆಫ್ ಸಾಲ್ವೇಶನ್ ಚರ್ಚ್ 1596ರಷ್ಟು ಹಳೆಯದು. ಅಲ್ಲಿ ಜನ ಇದ್ದರು. ಕಟ್ಟಡ ಸಾಲದಾದಾಗ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1970ರ ದಶಕದಲ್ಲಿ ಅದೇ ಜಾಗದಲ್ಲಿ ಹೊಸ ವಿನ್ಯಾಸದ ಚರ್ಚ್ ಕಟ್ಟಿದರು. ಹಳೆಯ ಕಟ್ಟಡ ಹೋಯಿತು, ಹೆಸರು ಮತ್ತು ಪ್ರಾರ್ಥನೆ ಉಳಿಯಿತು.

ಮಳೆ ಮತ್ತು ಸಿಮೆಂಟ್

ಬಳಕೆಯಲ್ಲಿರುವ ಕಟ್ಟಡಕ್ಕೂ ಮುಂಬೈನಲ್ಲಿ ಅಪಾಯ ತಪ್ಪಿದ್ದಲ್ಲ. ಹಳೆಯ ಕಟ್ಟಡಗಳ ಕಲ್ಲುಗಳನ್ನು ಸುಣ್ಣದ ಗಾರೆಯಿಂದ ಜೋಡಿಸಲಾಗಿದೆ. ಸುಣ್ಣದ ಗಾರೆ ಮಳೆಗಾಲದಲ್ಲಿ ತೇವ ಹೀರಿಕೊಂಡರೂ ಬಿಸಿಲಿಗೆ ಅದನ್ನು ಹೊರಬಿಡುತ್ತದೆ. ದುರಸ್ತಿ ಹೆಸರಲ್ಲಿ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಕಲ್ಲು ಪದರ ಪದರವಾಗಿ ಉದುರುತ್ತದೆ. ಕಲ್ಲುಗಳ ನಡುವಿನ ಕಬ್ಬಿಣ ತುಕ್ಕು ಹಿಡಿದರೆ ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಸಂದಿಯಲ್ಲಿ ಬಿದ್ದ ಒಂದು ಅರಳಿ ಬೀಜವೂ ಸಾಕು. ಅದು ಬೇರುಬಿಟ್ಟರೆ ಗೋಡೆ ಬಿರುಕು ಬಿಡುತ್ತದೆ.

ಹೀಗಾಗಿ ಈ ಕೆಲಸಕ್ಕೆ ಪರಿಣತರೂ ಬೇಕು, ದೊಡ್ಡ ಮೊತ್ತವೂ ಬೇಕು. ರಾಜಾಬಾಯಿ ಗೋಪುರ ಮತ್ತು ಪಕ್ಕದ ಗ್ರಂಥಾಲಯದ ದುರಸ್ತಿ ಸುಮಾರು ಎರಡು ವರ್ಷ ನಡೆದು 2015ರಲ್ಲಿ ಮುಗಿಯಿತು. ಅದಕ್ಕೆ ಟಿಸಿಎಸ್ ಕಂಪನಿ ಹಣ ನೀಡಿತ್ತು.

ಪಟ್ಟಿಗೆ ಸೇರಿದರೆ ಸಾಕೇ?

ಮುಂಬೈನಲ್ಲಿ 1995ರಿಂದಲೇ ಪಾರಂಪರಿಕ ಕಟ್ಟಡಗಳ ನಿಯಮ ಜಾರಿಯಲ್ಲಿದೆ. ಕಟ್ಟಡಗಳನ್ನು ಮೂರು ದರ್ಜೆಗಳಲ್ಲಿ ಪಟ್ಟಿ ಮಾಡಲಾಗಿದೆ. 2018ರಲ್ಲಿ ರಾಜಾಬಾಯಿ ಗೋಪುರ ಸೇರಿದಂತೆ ಓವಲ್ ಮೈದಾನದ ಸುತ್ತಲಿನ ಪ್ರದೇಶಕ್ಕೆ ಯುನೆಸ್ಕೋ ವಿಶ್ವ ಪರಂಪರೆ ಸ್ಥಾನವೂ ಸಿಕ್ಕಿತು.

ಆದರೆ ಪಟ್ಟಿ ಮಾಡುವುದು ಕೆಡವುವುದನ್ನು ತಡೆಯಬಹುದೇ ಹೊರತು ಸೋರುವ ಛಾವಣಿಯನ್ನು ರಿಪೇರಿ ಮಾಡುವುದಿಲ್ಲ. ಇಂಗ್ಲೆಂಡ್‌ನಲ್ಲಿ ಭಕ್ತರಿಲ್ಲದೆ ಖಾಲಿಯಾದ 350ಕ್ಕೂ ಹೆಚ್ಚು ಚರ್ಚ್‌ಗಳನ್ನು ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಕೆಲವು ಕಡೆ ಸಂಗೀತ ಕಛೇರಿ, ಸಮುದಾಯದ ಕಾರ್ಯಕ್ರಮಗಳೂ ನಡೆಯುತ್ತವೆ. ಮುಂಬೈನಲ್ಲಿ ಖರ್ಚಿನ ಹೊರೆ ಬಹುಪಾಲು ಚರ್ಚ್‌ನ ಆಡಳಿತ, ಭಕ್ತರು ಮತ್ತು ದಾನಿಗಳ ಮೇಲೆಯೇ ಬೀಳುತ್ತದೆ.

ಈಗ ಸಮಯಕ್ಕೆ ಮೊಬೈಲ್ ಇದೆ, ಹಡಗಿಗೆ ಉಪಗ್ರಹ ದಾರಿ ತೋರಿಸುತ್ತದೆ. ಗೋಪುರಗಳ ಹಳೆಯ ಕೆಲಸ ಮುಗಿದಿದೆ. ಜನರ ಬಳಕೆ ಇರುವವರೆಗೆ ಇಂಥ ಕಟ್ಟಡದ ಬಿರುಕು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ ಎಂಬುದಕ್ಕೆ ಸೇಂಟ್ ಥಾಮಸ್ ಸಾಕ್ಷಿ, ಬಳಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಸೀಪ್ಜ್‌ನ ಅವಶೇಷ ಸಾಕ್ಷಿ. ಮುಂದಿನ ಸಲ ಚರ್ಚ್‌ಗೇಟ್‌ನಲ್ಲಿ ಇಳಿದಾಗ ಸಮಯವಿದ್ದರೆ ಓವಲ್ ಮೈದಾನದ ಬದಿಯಿಂದ ರಾಜಾಬಾಯಿ ಗೋಪುರ ನೋಡಿ, ಫ್ಲೋರಾ ಫೌಂಟನ್ ದಾಟಿ ಸೇಂಟ್ ಥಾಮಸ್‌ವರೆಗೆ ನಡೆದು ಹೋಗಬಹುದು. ಅರ್ಧ ಗಂಟೆಯೂ ಹಿಡಿಯದ ದಾರಿ ಅದು.